ಒಂಬತ್ತನೆಯ ಹಾಳೆ

ಹನ್ನೆರಡೂವರೆಗೆ ಸೊಸೆಯ ಸ್ಕ್ಯಾನಿಂಗು, ಹನ್ನೆರಡೂಕಾಲಿಗೆ ತನ್ನ ಭಾಷಣ. ಎರಡೂ ಒಂದೇ ಹೊತ್ತಿಗೆ ಬಂದದ್ದು ತನ್ನ ದುರದೃಷ್ಟವೆಂದು ಬೆಳಿಗ್ಗೆಯಿಂದ ಮೂರು ಸಲ ಗಟ್ಟಿಯಾಗಿ ಹೇಳಿದ್ದಳು. ಒಮ್ಮೆ ಮಗನೆದುರು, ಒಮ್ಮೆ ಸೊಸೆಯೆದುರು, ಒಮ್ಮೆ ಯಾರೂ ಇಲ್ಲದ ಅಡುಗೆಮನೆಯಲ್ಲಿ. ಮೂರನೆಯ ಸಲ ನಾಲಿಗೆ ತೊದಲಿತು. ಯಾಕೆಂದರೆ ಭಾಷಣದ ದಿನ ಗೊತ್ತುಮಾಡಿದವಳು ತಾನೇ. ಕಾರ್ಖಾನೆಯ ಮ್ಯಾನೇಜರು, ಈ ವಾರ ಯಾವತ್ತಾದರೂ ಬನ್ನಿ ಮೇಡಂ ಅಂದಿದ್ದ. ಸೊಸೆಯ ಚೀಟಿಯಲ್ಲಿದ್ದ ತಾರೀಖನ್ನು ನೋಡಿಕೊಂಡು ಬಂದು ಅದೇ ತಾರೀಖನ್ನೇ ಅವನಿಗೆ ಕೊಟ್ಟಿದ್ದಳು. ಹಿಂದಿನ ಮೂರು ತಪಾಸಣೆಗೂ ಸೊಸೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳಿಗೆ ಈ ನಾಲ್ಕನೆಯದಕ್ಕೆ ಕಾಲೇ ಬರಲಿಲ್ಲ. ಐದನೆಯ ತಿಂಗಳಲ್ಲಿ ಮಾಡುವ ಈ ಸ್ಕ್ಯಾನಿಂಗಿನಲ್ಲಿ ಮಗುವಿನ ತಲೆ, ಹೃದಯ, ಬೆನ್ನು, ಕೈಕಾಲು ಎಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ತಪ್ಪದೆ ಮಾಡಿಸಿ ಎಂದು ಹನ್ನೊಂದು ವರ್ಷದಿಂದ ಕಂಡಕಂಡ ಹೆಂಗಸರಿಗೆಲ್ಲ ಗಂಟಲು ಹರಿದುಕೊಂಡು ಹೇಳಿದವಳು ತಾನು. ಸೊಸೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಪರವಾಗಿಲ್ಲ ಅತ್ತೆ, ಬಸ್ಸಲ್ಲಿ ಹೋಗ್ತೀನಿ, ಅವರು ಪಾಳಿ ಮುಗಿಸ್ಕೊಂಡು ಅಲ್ಲಿಗೇ ಬರ್ತಾರೆ ಅಂದಿದ್ದಳು. ಹುಷಾರು ಕಣಮ್ಮ ಎಂದು ಹೇಳಿ, ಅವಳ ಮುಖ ನೋಡದೆ ಇವಳು ಭಾಷಣದ ಚಾರ್ಟಿನ ಕಟ್ಟು ಬಿಗಿಯುತ್ತ ನಿಂತಿದ್ದಳು. ಕಟ್ಟು ಆಗಲೇ ಬಿಗಿಯಾಗಿತ್ತು.

ಹೊಲಿಗೆ ಕಾರ್ಖಾನೆಯ ಆ ದೊಡ್ಡ ಹಾಲಿನಲ್ಲಿ ಊಟದ ಬಿಡುವು ಮುಕ್ಕಾಲು ಗಂಟೆ. ಯಂತ್ರಗಳ ನಾಲ್ಕು ಸಾಲಿನ ನಡುವೆ ಎಂಬತ್ತು ಹೆಂಗಸರು ಡಬ್ಬಿ ತೊಳೆದಿಟ್ಟು, ಬಟ್ಟೆಯ ಕಂತೆಗಳ ಮೇಲೆ ಒರಗಿಕೊಂಡು ಕೂತಿದ್ದರು. ಇವಳು ಒಳಗೆ ಕಾಲಿಟ್ಟದ್ದೇ ಹಿಂದಿನ ಸಾಲಿನಿಂದ ಯಾರೋ, ಬಂದ್ರಪ್ಪ ಮಾತ್ರೆ ಮೇಡಂ, ಹೊಟ್ಟೇಲಿರೋರೂ ಕೈ ಎತ್ತಿ ಹಾಜರಿ ಹೇಳಿ ಅಂದರು. ಒಂದಷ್ಟು ನಗು ಎದ್ದಿತು. ಬೇರೆ ದಿನವಾಗಿದ್ದರೆ ತಿರುಗಿ ಒಂದು ಮಾತು ಎಸೆದು ಎಲ್ಲರನ್ನೂ ಕೈಗೆ ತೆಗೆದುಕೊಂಡುಬಿಡುತ್ತಿದ್ದಳು. ಮಾತ್ರೆ ಮೇಡಂ ಎಂಬ ಹೆಸರು ಅವಳಿಗೆ ಬೇಸರವಲ್ಲ, ಒಳಗೊಳಗೇ ಹೆಮ್ಮೆ. ಆರೋಗ್ಯ ಇಲಾಖೆಯಲ್ಲಿ ಇದೇ ಚಾರ್ಟು ಹಿಡಿದು ತಿರುಗುವವರು ಇನ್ನೂ ಆರು ಜನ ಇದ್ದಾರೆ, ಅವರ ಭಾಷಣಕ್ಕೆ ಹೆಂಗಸರು ಆಕಳಿಸುತ್ತಾರೆ. ಇವಳ ಭಾಷಣಕ್ಕೆ ಉಗುಳು ನುಂಗುತ್ತಾರೆ. ತರಬೇತಿಯಲ್ಲಿ ಕಲಿಸುವಾಗ ಹಿರಿಯ ಡಾಕ್ಟರಮ್ಮ, ಹೆದರಿಸಬೇಡಿ, ತಿಳಿಸಿ ಎಂದು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದಿದ್ದರು. ಇವಳು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡು ಅಲ್ಲೇ ಬಿಟ್ಟಳು. ತಿಳಿದವರು ಮರೆಯುತ್ತಾರೆ, ಹೆದರಿದವರು ಮರೆಯುವುದಿಲ್ಲ ಎಂಬುದು ಅವಳ ಅನುಭವ. ಧ್ವನಿಯನ್ನು ಎಲ್ಲಿ ತಗ್ಗಿಸಬೇಕು, ಯಾವ ಚಿತ್ರದ ಮುಂದೆ ಸುಮ್ಮನೆ ನಿಲ್ಲಬೇಕು ಎಂಬುದೆಲ್ಲ ಅವಳಿಗೆ ಕರತಲಾಮಲಕ.

ಮೊದಲ ಹಾಳೆ ತೆಗೆದಳು. ಬಾಯಿ ತನ್ನ ಪಾಡಿಗೆ ತಾನು ಹೊರಟಿತು. ಮಗು ಬೇಕು ಅಂತ ಮನಸ್ಸು ಮಾಡಿದ ದಿನದಿಂದಲೇ ಫೋಲಿಕ್ ಆಸಿಡ್ ಮಾತ್ರೆ ದಿನಕ್ಕೊಂದು, ಬಸುರಾದ ಮೇಲಲ್ಲ, ಮೊದಲೇ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರದಲ್ಲಿ. ಮುಟ್ಟು ನಿಂತಿತು ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಅದು ಮುಚ್ಚಿಯೋ, ಮುಚ್ಚದೆಯೋ ಆಗಿಹೋಗಿರುತ್ತದೆ. ಇಲ್ಲಿ ನಿಲ್ಲಬೇಕು, ನಿಂತಳು. ಎಲ್ಲರೂ ಗಪ್‌ಚುಪ್. ಆ ಮೌನದಲ್ಲಿ ಅವಳಿಗೆ ತನ್ನ ಮಾತೇ ಮೊದಲ ಸಲ ಕೇಳಿಸಿತು. ಆಗಿಹೋಗಿರುತ್ತದೆ. ಸೊಸೆ ಬಸುರಿ ಎಂದು ಮಗ ಬಂದು ಹೇಳಿದ ಸಂಜೆ ಇವಳು ಎಲ್ಲರ ಜೊತೆ ನಗುತ್ತಲೇ ಒಳಗೆ ಬೆರಳು ಮಡಿಚಿ ಲೆಕ್ಕ ಹಾಕಿದ್ದಳು. ಎಂಟು ವಾರ. ನಾಲ್ಕು ಕಳೆದು ಇನ್ನೂ ನಾಲ್ಕು. ಮಾರನೆಯ ಬೆಳಿಗ್ಗೆ ಚಹಾದ ಲೋಟದ ಪಕ್ಕ ಫೋಲಿಕ್ ಆಸಿಡ್ ಇಟ್ಟು, ತಪ್ಪಿಸಬೇಡ ನೋಡು ಎಂದು ಗದರಿದ್ದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹೋಗಲಿ, ಅದೊಂದೇ ಆಗಿದ್ದರೆ ಎಷ್ಟೋ ಮನೆಗಳಲ್ಲಿ ಆಗುವ ತಪ್ಪು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೊಲಿಗೆ ಡಬ್ಬಿಯಲ್ಲಿ ಕಂಡದ್ದಕ್ಕೆ ಯಾವ ಸಮಾಧಾನವಿದೆ?

ಮದುವೆಯಾಗಿ ಮೂರು ತಿಂಗಳಿಗೆ. ಮಗನ ಅಂಗಿಗೆ ಗುಂಡಿ ಹಾಕಲು ಸೂಜಿ ಹುಡುಕುತ್ತ ಸೊಸೆಯ ಡಬ್ಬಿ ತೆಗೆದಿದ್ದಳು. ನೂಲಿನುಂಡೆಗಳ ಕೆಳಗೆ, ಕಾಲುಚೀಲವೊಂದರೊಳಗೆ ಸುತ್ತಿಟ್ಟ ಮಾತ್ರೆಯ ಪಟ್ಟಿ. ಹೆಸರು ಓದಿದಳು. ಆ ಹೆಸರು ಚಾರ್ಟಿನ ಒಂಬತ್ತನೆಯ ಹಾಳೆಯಲ್ಲಿ ಮೇಲಿನಿಂದ ಮೊದಲನೆಯದು. ಫಿಟ್ಸಿಗೆ ಕೊಡುವ ಮಾತ್ರೆ. ಬಸುರಿಯ ಹೊಟ್ಟೆಗೆ ಹೋದರೆ ಮಗುವಿಗೆ ಕುತ್ತು ಬರಬಹುದಾದ ಮಾತ್ರೆ. ಅಂದರೆ ಹುಡುಗಿಗೆ ಫಿಟ್ಸ್ ಇದೆ, ಬೀಗರು ಬಾಯಿ ಬಿಟ್ಟಿಲ್ಲ. ಸಿಟ್ಟು ನೆತ್ತಿಗೇರಿ, ಅಷ್ಟೇ ಬೇಗ ಇಳಿಯಿತು. ಪಟ್ಟಿಯನ್ನು ಹಾಗೆಯೇ ಸುತ್ತಿ, ಕಾಲುಚೀಲದ ಮಡಿಕೆ ಕೂಡ ಮೊದಲಿದ್ದ ಹಾಗೆಯೇ ಮಡಿಚಿ, ಗುಂಡಿ ಹಾಕದೆ ಎದ್ದುಬಂದಳು. ತನ್ನ ಅತ್ತೆ ತನ್ನ ಪೆಟ್ಟಿಗೆ ತೆಗೆದು ತವರಿನ ಕಾಗದಗಳನ್ನು ನೆರೆಯವರೆದುರು ಓದಿದ್ದಳು; ನಾನು ಅಂಥ ಅತ್ತೆ ಆಗಲಾರೆ ಎಂದು ಅಂದೇ ಶಪಥ ಮಾಡಿದವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವವರಿಗೆಲ್ಲ ತಾನೊಂದು ಬೇರೆ ಉದಾಹರಣೆ ಆಗಬೇಕಿತ್ತು. ಗೊತ್ತಿದ್ದೂ ಕೇಳದಿರುವುದು ದೊಡ್ಡತನವೆಂದುಕೊಂಡಳು. ಅವಳಾಗಿಯೇ ಹೇಳಲಿ, ಹೇಳಿದ ದಿನ ತಲೆ ಸವರಿ, ನನಗೆ ಮೊದಲೇ ಗೊತ್ತಿತ್ತು ಕಣೇ ಎನ್ನುತ್ತೇನೆ, ಅವಳು ಕಾಲಿಗೆ ಬೀಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದಳು. ಥೂ, ನಿಜವಾಗಿ ಹೇಳಬೇಕೆಂದರೆ ಇನ್ನೊಂದು ಇತ್ತು. ಸೊಸೆಯ ಗುಟ್ಟು ತನ್ನ ಮುಷ್ಟಿಯಲ್ಲಿದೆ ಎಂಬುದು ಹಿತವಾಗಿತ್ತು. ಸೊಸೆ ಎದುರು ಮಾತಾಡಿದ ದಿನಗಳಲ್ಲಿ ಆ ಮುಷ್ಟಿಯನ್ನು ಒಳಗೊಳಗೇ ಮುಟ್ಟಿನೋಡಿಕೊಂಡು ಸುಮ್ಮನಾಗಿದ್ದಳು. ಹೀಗೆ ಆರು ತಿಂಗಳು. ಒಂದು ಮಾತು, ಮಗು ಬೇಕು ಅನ್ನೋ ಮೊದಲು ಡಾಕ್ಟರನ್ನ ಕೇಳಿ ಆ ಮಾತ್ರೆ ಬದಲಾಯಿಸ್ಕೋ ಎಂಬ ಒಂದೇ ಒಂದು ಮಾತು ಆಡಬಹುದಾಗಿದ್ದ ಆರು ತಿಂಗಳು.

ನಾಲ್ಕನೆಯ ಹಾಳೆ, ಐದನೆಯ ಹಾಳೆ. ಕುಡಿತ, ಹೊಗೆಸೊಪ್ಪು, ರುಬೆಲ್ಲಾ ಚುಚ್ಚುಮದ್ದು, ಸಕ್ಕರೆ ಕಾಯಿಲೆ. ಗೋಡೆಯ ಗಡಿಯಾರ ಹನ್ನೆರಡೂ ಇಪ್ಪತ್ತೈದು ತೋರಿಸುತ್ತಿತ್ತು. ಈಗ ಸೊಸೆ ಅಲ್ಲಿ ಕೂತು ನೀರು ಕುಡಿಯುತ್ತಿರಬೇಕು. ಮೊದಲ ತಪಾಸಣೆಯ ದಿನ ಡಾಕ್ಟರು ತಲೆಯೆತ್ತದೆ ಬರೆಯುತ್ತ, ಬೇರೆ ಏನಾದ್ರೂ ಕಾಯಿಲೆ, ಮಾತ್ರೆ ಇದೆಯಾ ಎಂದು ಕೇಳಿದ್ದರು. ಸೊಸೆ ಪಕ್ಕಕ್ಕೆ ತಿರುಗಿ ಇವಳನ್ನು ನೋಡಿದಳು. ಆ ನೋಟ ಅರೆಗಳಿಗೆಯದು. ಇವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು, ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಹಿಂದಿನ ತಿಂಗಳಿನ ಹಾಳೆಯನ್ನು ಕೂಡ ಯಾರೂ ತಿರುಗಿಸಿರಲಿಲ್ಲ. ಇಲ್ಲ ಡಾಕ್ಟ್ರೇ ಎಂದಳು ಸೊಸೆ. ಡಾಕ್ಟರು ಬರೆದುಕೊಂಡರು. ಎರಡನೆಯ ಸಲವೂ, ಮೂರನೆಯ ಸಲವೂ ಬರೆದದ್ದನ್ನೇ ನೋಡಿ, ಬೇರೇನೂ ಇಲ್ಲ ಅಲ್ವಾ ಎಂದು ತಾವೇ ಹೇಳಿಕೊಂಡರು. ನೋಡಬೇಕಾದ್ದು ಏನೆಂದು ಗೊತ್ತಿಲ್ಲದವರಿಗೆ ಇವತ್ತು ಏನು ಕಂಡೀತು? ಕಾಣದೆ ಹೋದರೆ? ಕಂಡರೆ? ಎರಡರಲ್ಲಿ ಯಾವುದಕ್ಕೆ ತಾನು ಹೆಚ್ಚು ಹೆದರಿದ್ದೇನೆ ಎಂದೇ ಅವಳಿಗೆ ತಿಳಿಯದು. ಊರಿಗೆಲ್ಲ ಉಪದೇಶ ಮಾಡುವವಳ ಮನೆಯಲ್ಲೇ ಹೀಗಾಯಿತಂತೆ ಎಂದು ಇಲಾಖೆಯ ಆ ಆರು ಜನ ಆಡಿಕೊಳ್ಳುವುದು ಕಣ್ಣೆದುರು ಬಂತು. ಮಗುವಿನ ಯೋಚನೆಯ ನಡುವೆ ಇದೂ ನುಸುಳುತ್ತದಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಹಾಗೆಂದು ಏನೂ ಮಾಡಲಿಲ್ಲ ಎಂದಲ್ಲ. ಬಸುರಿ ಎಂದು ಗೊತ್ತಾದ ವಾರವೇ, ಇಲಾಖೆಯವರು ಪರೀಕ್ಷೆಗೆ ಬರ್ತಾರಂತೆ, ಸ್ವಲ್ಪ ಕೂತು ಕೇಳಿ ತಪ್ಪಿದ್ರೆ ಹೇಳಮ್ಮ ಎಂದು ಸುಳ್ಳು ಹೇಳಿ, ಸೊಸೆಯನ್ನು ಊಟದ ಮೇಜಿಗೆ ಕೂರಿಸಿ, ಇಡೀ ಚಾರ್ಟನ್ನು ಗೋಡೆಗೆ ಒರಗಿಸಿಟ್ಟು ಓದಿದ್ದಳು. ನೇರವಾಗಿ ಹೇಳುವ ಧೈರ್ಯ ಇಲ್ಲದವರ ಉಪಾಯ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎಂಟು ಹಾಳೆಗಳನ್ನು ಓಡಿಸಿಕೊಂಡು ಬಂದು ಒಂಬತ್ತನೆಯದರ ಮುಂದೆ ನಿಂತಳು. ಕೆಲವು ಮಾತ್ರೆಗಳು ಮಗುವಿನ ಬೆನ್ನುಹುರಿಯನ್ನು, ಹೃದಯವನ್ನು, ತುಟಿಯನ್ನು ಕೆಡಿಸಬಲ್ಲವು ಎಂದು ಒಂದೊಂದೇ ಶಬ್ದ ಬಿಡಿಸಿ ಓದಿದಳು. ಮೇಲಿನಿಂದ ಮೊದಲ ಹೆಸರನ್ನು ಎರಡು ಸಲ ಓದಿದಳು. ಸೊಸೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಚೆನ್ನಾಗಿದೆ ಅತ್ತೆ, ತಪ್ಪೇನೂ ಇಲ್ಲ ಅಂದಳು. ಮುಟ್ಟಬೇಕಾದ್ದು ಮುಟ್ಟಿತು, ಇನ್ನು ಅವಳೇ ಡಾಕ್ಟರಿಗೆ ಹೇಳುತ್ತಾಳೆ ಎಂದು ಅವತ್ತು ಇವಳಿಗೆ ನೆಮ್ಮದಿಯಾಗಿ ಹೊಟ್ಟೆ ತುಂಬ ಊಟ ಸೇರಿತ್ತು. ಸೊಸೆ ಹೇಳಲಿಲ್ಲ. ಇವಳು ಕ್ಯಾಲೆಂಡರು ನೋಡಿದಳು.

ಈಗ ಕಾರ್ಖಾನೆಯ ಹಾಲಿನಲ್ಲಿ ಅದೇ ಒಂಬತ್ತನೆಯ ಹಾಳೆ. ಕೆಲವು ಮಾತ್ರೆಗಳು, ಎಂದು ತೊಡಗಿದಳು. ಬೆನ್ನು, ಹೃದಯ, ತುಟಿ. ಹಾಳೆಯ ಕೆಳಗೆ ಎರಡು ಸಾಲು ಇನ್ನೂ ಇತ್ತು. ಬಿಡುವು ಮುಗಿಯುತ್ತದೆಂದು ಎಂದಿನ ಹಾಗೆ ಅದನ್ನು ಬಿಟ್ಟು ಚಾರ್ಟು ಮಡಿಚಲು ಹೋದಾಗ ಎರಡನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ನಲವತ್ತರ ಹತ್ತಿರದವಳು, ಕೊರಳಪಟ್ಟಿ ಹೊಲಿಯುವವಳು, ಕತ್ತಿಗೆ ಅಳತೆಯ ಟೇಪು ಹಾಕಿಕೊಂಡೇ ಇದ್ದಳು. ಹೋದ ವರ್ಷವೂ ನೀವೇ ಬಂದಿದ್ರಿ ಮೇಡಂ ಎಂದು ಗೌರವದಿಂದಲೇ ಶುರುಮಾಡಿದಳು. ಅವಳ ತಂಗಿ ಫಿಟ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳಂತೆ. ಇವಳ ಭಾಷಣ ಕೇಳಿ ಮನೆಗೆ ಹೋದ ಅಕ್ಕ, ಬಸುರಿ ತಂಗಿಯ ಕೈಯಿಂದ ಮಾತ್ರೆ ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದಳಂತೆ. ಹತ್ತು ದಿನ ಏನೂ ಇಲ್ಲ. ಆಮೇಲೆ ಬಚ್ಚಲಲ್ಲಿ ಬಿದ್ದಳು, ನಾಲಿಗೆ ಕಚ್ಚಿಕೊಂಡು, ಹಣೆ ಒಡೆದುಕೊಂಡು.

“ಡಾಕ್ಟ್ರು ನಂಗೆ ಚೆನ್ನಾಗಿ ಬೈದ್ರು ಮೇಡಂ. ಒಂದೇ ಸಲಕ್ಕೆ ನಿಲ್ಸಿದ್ರೆ ಫಿಟ್ಸ್ ಹೆಚ್ಚಾಗುತ್ತೆ, ತಾಯಿ ಮಗು ಇಬ್ರಿಗೂ ಅಪಾಯ, ನಿಲ್ಸೋಕೆ ಯಾರು ಹೇಳಿದ್ದು ಅಂತ. ನಿಮ್ಮ ಹೆಸರು ನಾನು ಹೇಳ್ಲಿಲ್ಲ ಬಿಡಿ.”

ಯಾರೋ ಕಿಸಕ್ಕನೆ ನಕ್ಕರು. ಅವಮಾನವಾಗಬೇಕಿತ್ತು, ಆಗಲು ಪುರುಸೊತ್ತೇ ಸಿಗಲಿಲ್ಲ. ಬಚ್ಚಲು. ಎರಡು ತಿಂಗಳಿಂದ ಸೊಸೆ ಬಚ್ಚಲಿನ ಚಿಲಕ ಹಾಕುತ್ತಿರಲಿಲ್ಲ. ಬಸುರಿಗೆ ಉಸಿರು ಕಟ್ಟುತ್ತದೇನೋ ಎಂದುಕೊಂಡಿದ್ದಳು. ನಾಲಿಗೆ. ನಾಲಿಗೆ ಹುಣ್ಣಾಗಿದೆ ಅತ್ತೆ, ಬಿಸಿ ಸೇರ್ತಿಲ್ಲ ಅಂದಿದ್ದಳು. ಬಸುರಿಯರಿಗೆ ಉಷ್ಣ ಜಾಸ್ತಿ ಎಂದು ತಾನೇ ಹೇಳಿದ್ದಳು. ಎಡಗಣ್ಣಿನ ಪಕ್ಕದ ಗಾಯ, ಬೀರುವಿನ ಬಾಗಿಲು ತಗುಲಿತು ಎಂದದ್ದು. ಮಧ್ಯಾಹ್ನಗಳಲ್ಲಿ ಸತ್ತವಳ ಹಾಗೆ ಮಲಗಿಬಿಡುತ್ತಿದ್ದುದು, ಎದ್ದ ಮೇಲೆ ಯಾವ ದಿನವೆಂದು ಕೇಳುತ್ತಿದ್ದುದು. ಒಂದೊಂದಕ್ಕೂ ಇವಳ ಹತ್ತಿರ ಒಂದೊಂದು ಸಮಜಾಯಿಷಿ ಇತ್ತು, ಹನ್ನೊಂದು ವರ್ಷದ ಅನುಭವದ ಸಮಜಾಯಿಷಿ. ಚಾರ್ಟಿನ ಕಡೆ ತಿರುಗಿದಳು. ಹಾಳೆಯ ಕೆಳಗಿನ ಎರಡು ಸಾಲು: ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ ತಾವಾಗಿ ನಿಲ್ಲಿಸಬಾರದು. ಮಗು ಬೇಕೆನ್ನುವ ಮೊದಲೇ ವೈದ್ಯರಲ್ಲಿ ಮಾತಾಡಿ ಬದಲಿಸಿಕೊಳ್ಳಬೇಕು. ಊಟದ ಮೇಜಿನ ಮುಂದೆ ಅವತ್ತು ಇದನ್ನು ಓದಿದೆನೇ? ಓದಿರಲೇಬೇಕು. ಇಲ್ಲ, ಮೊದಲ ಹೆಸರನ್ನು ಎರಡನೆಯ ಸಲ ಓದಿ ಅಲ್ಲಿಗೇ ಚಾರ್ಟು ಮಡಿಚಿಟ್ಟಿದ್ದಳು. ಹೆದರಿಕೆಯನ್ನಷ್ಟೇ ಅವಳ ತಟ್ಟೆಗೆ ಬಡಿಸಿ ಎದ್ದುಬಂದಿದ್ದಳು.

ಫೋನು ಬ್ಯಾಗಿನ ತಳದಲ್ಲಿತ್ತು. ಎಂಬತ್ತು ಜನ ನೋಡುತ್ತಿದ್ದಾರೆಂಬುದನ್ನು ಬಿಟ್ಟು ಅಲ್ಲೇ, ಚಾರ್ಟಿನ ಮುಂದೆಯೇ ನಿಂತು ಕರೆ ಮಾಡಿದಳು. ಸೊಸೆ ಬಸ್ಸಿನಲ್ಲಿ ಬಿದ್ದಿರಬಹುದು, ಬಸ್ಸಿಂದ ಇಳಿಯುವಾಗ, ರಸ್ತೆ ದಾಟುವಾಗ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ, ಹಲೋ ಅತ್ತೆ ಎಂಬ ಧ್ವನಿ ಬಂದಾಗ ಇವಳು ಯಂತ್ರವೊಂದರ ಮುಂದಿನ ಸ್ಟೂಲಿನ ಮೇಲೆ ಕೂತಳು. ಬಂದು ಕೂತಿದ್ದೇನೆ, ಅವರಿನ್ನೂ ಬಂದಿಲ್ಲ, ಮುಂದಿನ ಸರದಿ ನನ್ನದೇ ಅಂದಳು ಸೊಸೆ.

“ಆ ಡಬ್ಬೀಲಿರೋ ಮಾತ್ರೆ,” ಎಂದಳು ಇವಳು. “ತಗೋತಾ ಇದೀಯಾ, ಬಿಟ್ಟಿದೀಯಾ?”

ಅಲ್ಲೆಲ್ಲೋ ಮಗುವೊಂದು ಅಳುತ್ತಿತ್ತು.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನೀನು ಬಂದ ಮೂರನೇ ತಿಂಗಳಿಂದ ಗೊತ್ತಿತ್ತು.”

“ಬಿಟ್ಟೆ ಅತ್ತೆ. ನೀವು ಓದಿದ್ರಲ್ಲ, ಅದರ ಮಾರನೇ ದಿನವೇ ಬಿಟ್ಟೆ.”

ಎಷ್ಟು ಸಲ ಬಿದ್ದೆ ಎಂದು ಕೇಳಿದಳು. ನಾಕು, ಅಲ್ಲ ಐದು ಅಂದಳು ಸೊಸೆ, ಮನೆಯಲ್ಲಿ ಯಾರೂ ಇಲ್ಲದಾಗಲೇ ಆದದ್ದು ಒಳ್ಳೆಯದಾಯಿತು ಎಂದೂ ಸೇರಿಸಿದಳು. ಒಳ್ಳೆಯದಾಯಿತು. ಆ ಮಾತ್ರೆ ಮಗುವಿಗೆ ಆಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ ಅತ್ತೆ, ಶಾಲೆಯಿಂದ ತಗೊಳ್ತಾ ಬಂದಿದ್ದು, ನೀವು ಓದಿದಾಗಲೇ ಗೊತ್ತಾಗಿದ್ದು ಎಂದಳು. ಅದರಲ್ಲಿ ದೂರು ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ನನ್ನ ಮಗನಿಗೂ ಗೊತ್ತಿಲ್ಲವೇ ಎಂದು ಕೇಳಿದಳು ಇವಳು.

“ಫಿಟ್ಸ್ ಇರೋದು ಅವರಿಗೆ ಮದುವೆಗೆ ಮುಂಚೇನೇ ಗೊತ್ತು. ನಾನೇ ಹೇಳಿದ್ದೆ. ಬಿಟ್ಟಿದ್ದು ಗೊತ್ತಿಲ್ಲ. ನಿಮಗೆ ಹೇಳ್ತೀನಿ ಅಂದೆ, ಅವರೇ ಬೇಡ ಅಂದ್ರು. ಅಮ್ಮಂಗೆ ಹೇಳಿದ್ರೆ ನಿನ್ನನ್ನೇ ಹತ್ತನೇ ಹಾಳೆ ಮಾಡಿ ಊರೆಲ್ಲ ತೋರಿಸ್ಕೊಂಡು ಬರ್ತಾಳೆ ಅಂದ್ರು. ತಮಾಷೆಗೆ.”

ತಮಾಷೆಗೆ. ಮುಷ್ಟಿಯಲ್ಲಿ ಒಂದು ಗುಟ್ಟಿದೆ ಎಂದು ವರ್ಷವಿಡೀ ಹಿಡಿದುಕೊಂಡು ತಿರುಗಿದವಳಿಂದಲೇ ಮನೆಯ ಇಬ್ಬರೂ ಅದನ್ನು ಮುಚ್ಚಿಟ್ಟಿದ್ದರು. ಕೊರಳಪಟ್ಟಿಯ ಹೆಂಗಸು ಕೂರದೆ ನಿಂತೇ ಇದ್ದಳು, ಬಾಯಿಗೆ ಕೈ ಅಡ್ಡ ಹಿಡಿದು. ಎಲ್ಲರಿಗೂ ಎಲ್ಲವೂ ಕೇಳಿಸಿತ್ತು, ಕೇಳಿಸಲಿ. ಒಳಗೆ ಹೋದ ಕೂಡಲೇ ಡಾಕ್ಟರಿಗೆ ಎರಡನ್ನೂ ಹೇಳಬೇಕು, ತಗೊಂಡಿದ್ದನ್ನೂ ಬಿಟ್ಟಿದ್ದನ್ನೂ, ಬಿದ್ದ ಲೆಕ್ಕವನ್ನೂ ಎಂದಳು. ಸೊಸೆಯ ಉಸಿರು ಫೋನಿನಲ್ಲಿ ಹತ್ತಿರ ಬಂತು. ನನ್ನ ಕೈಲಾಗಲ್ಲ ಅತ್ತೆ, ಮೂರು ಸಲ ಇಲ್ಲ ಅಂದಿದ್ದೀನಿ, ಈಗ ಹೇಗೆ ಹೇಳಲಿ, ನೀವೇ ಹೇಳಿ ಎಂದಳು. ಅಷ್ಟರಲ್ಲಿ ಅಲ್ಲಿ ಯಾರೋ ಕರೆದರು, ಬಾಗಿಲು ತೆರೆದ ಸದ್ದು, ಚಪ್ಪಲಿ ಹೊರಗೆ ಬಿಡಿ ಎಂಬ ಮಾತು, ಫೋನು ಕೈಯಿಂದ ಕೈಗೆ ಹೋದ ಸದ್ದು. ಯಾರು ಮಾತಾಡೋದು ಎಂದು ಡಾಕ್ಟರ ಧ್ವನಿ ಕೇಳಿತು, ಅವಸರದ ಧ್ವನಿ.

ಸಾವಿರಾರು ಹೆಂಗಸರೆದುರು ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಎಂದು ಅರಿತಿದ್ದ ಧ್ವನಿ ಈಗ ತೆಳ್ಳಗೆ, ಯಾರದೋ ಎಂಬಂತೆ ಹೊರಟಿತು. ನಾನು ಅವಳ ಅತ್ತೆ ಎಂದಳು. ಮಾತ್ರೆಯ ಹೆಸರು ಹೇಳಿದಳು. ಮೊದಲ ಎರಡು ತಿಂಗಳು ತಗೊಂಡಿದ್ದಾಳೆ, ಆಮೇಲೆ ಯಾರನ್ನೂ ಕೇಳದೆ ನಿಲ್ಲಿಸಿದ್ದಾಳೆ, ಐದು ಸಲ ಬಿದ್ದಿದ್ದಾಳೆ, ನೀವು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಿತ್ತು ಎಂದಳು. ಡಾಕ್ಟರು ಬೈಯಲಿಲ್ಲ. ಇವತ್ತೇ ನರರೋಗದ ಡಾಕ್ಟರನ್ನು ನೋಡಬೇಕು, ಅಲ್ಲಿಯವರೆಗೆ ಒಂದು ನಿಮಿಷವೂ ಒಬ್ಬಳನ್ನೇ ಬಿಡಬೇಡಿ, ಬಸ್ಸಲ್ಲಿ ಒಬ್ಬಳೇ ಬಂದಳೇ ಎಂದು ಕೇಳಿದರು. ಹೌದು ಎಂದಳು. ಮಲಗಿಸ್ತೀನಿ, ಈಗ ಗೊತ್ತಾಯಿತಲ್ಲ, ನಿಧಾನಕ್ಕೆ ನೋಡ್ತೀನಿ ಎಂದರು. ಫೋನು ಮತ್ತೆ ಸೊಸೆಯ ಕೈಗೆ ಬಂತು. ಇಡಬೇಡಿ ಅತ್ತೆ ಎಂದಳು ಅವಳು, ಇಡೋದಿಲ್ಲ ಎಂದಳು ಇವಳು.

ತಲೆಯ ಅಳತೆ ಹೇಳುವುದು ಕೇಳಿಸಿತು, ಸರಿಯಾಗಿದೆ. ಹೃದಯ, ನಾಲ್ಕು ಕೋಣೆ, ಸರಿಯಾಗಿದೆ. ತುಟಿ ಸರಿಯಾಗಿದೆ. ಇನ್ನು ಬೆನ್ನು ನೋಡೋಣ, ಸ್ವಲ್ಪ ಪಕ್ಕಕ್ಕೆ ತಿರುಗಮ್ಮ. ಆಗ ಬಿಡುವು ಮುಗಿದ ಗಂಟೆ ಹೊಡೆಯಿತು. ಹೆಂಗಸರು ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದರು, ಒಂದು ಯಂತ್ರ ಗುರ್ ಎಂದಿತು, ಹತ್ತು, ಇಪ್ಪತ್ತು, ಎಂಬತ್ತು. ಇವಳು ಒಂದು ಕಿವಿ ಮುಚ್ಚಿಕೊಂಡು ಎದ್ದು ಓಡಿದಳು, ಐವತ್ತೆರಡರ ಮಂಡಿ ಹಿಡಿದುಕೊಂಡರೂ ಓಡಿದಳು. ಬಟ್ಟೆಯ ಥಾನುಗಳನ್ನು ಸೂರಿನವರೆಗೂ ಜೋಡಿಸಿಟ್ಟ ಕೋಣೆಯೊಂದು ಸಿಕ್ಕಿತು. ಬಾಗಿಲು ಎಳೆದುಕೊಂಡು ಕತ್ತಲಲ್ಲಿ ಥಾನುಗಳ ನಡುವೆ ನಿಂತಳು. ಯಂತ್ರಗಳ ಸದ್ದು ಗೋಡೆಯಾಚೆ ಉಳಿಯಿತು.

“ಏನಂದ್ರು? ನನಗೆ ಕೇಳಿಸ್ಲಿಲ್ಲ. ಏನಂದ್ರು?”

“ಏನೂ ಅಂದಿಲ್ಲ ಅತ್ತೆ. ಮತ್ತೆ ಮತ್ತೆ ಅದೇ ಜಾಗ ನೋಡ್ತಾ ಇದಾರೆ.” ಧ್ವನಿ ಕೇಳಿಸದಷ್ಟು ಸಣ್ಣಗಾಯಿತು. “ನಂಗೆ ಹೆದರಿಕೆ ಆಗ್ತಿದೆ.”

ಹೆದರಬೇಡ ಎನ್ನಲು ಬಾಯಿ ತೆರೆದಳು.

“ನಂಗೂ ಆಗ್ತಿದೆ ಕಣೇ,” ಎಂದಳು.